ಮಿಲಿಟರಿ ಗುಂಡಿ

ಲಾಡ್ಜಿನ ಗುಂಡಿಯ ಕಬ್ಬಿಣದ ಮುಚ್ಚಳದ ಸಂದಿಗೆ ಫೋನು ಒಡ್ಡಿದ ಅಂಬಿಕಾ ಮರುಕ್ಷಣವೇ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು. ಕೊಳೆತ ಮೊಟ್ಟೆಯ ನಾತ. ಮೂಗಿಗೆ ಸುತ್ತಿದ್ದ ವೇಲು ಲೆಕ್ಕಕ್ಕೇ ಬರಲಿಲ್ಲ.

"ಮತ್ತ ಬಗ್ಗಬ್ಯಾಡ ಯವ್ವಾ," ಹಿಂದಿನಿಂದ ದನಿ ಬಂತು. "ಅದರಾಗ ಯುದ್ಧದ ಗಾಳಿ ಅದ."

ಗೋಪಮ್ಮ. ಲಾಡ್ಜಿನ ಕಸ ಗುಡಿಸುವವಳು. ಆ ನಾತದಲ್ಲೇ ಮುಚ್ಚಳದ ಪಕ್ಕ ಕೂತು ರೊಟ್ಟಿ ಮುರಿಯುತ್ತಿದ್ದಳು.

ದೇವದುರ್ಗದಲ್ಲಿ ಈ ಕಥೆ ಗೊತ್ತಿಲ್ಲದವರಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಿಳಿಯರ ಮಿಲಿಟರಿ ಈ ಗುಂಡಿಯಲ್ಲಿ ಗುಟ್ಟಾಗಿ ವಿಷಗಾಳಿಯ ಪರೀಕ್ಷೆ ಮಾಡಿತ್ತಂತೆ. ತನ್ನದೇ ಸಿಪಾಯಿಗಳನ್ನು ಇಳಿಸಿ ಕೊಂದಿತ್ತಂತೆ. ಮುಂದೆ ಲಾಡ್ಜು ಕಟ್ಟಿದವರು ಗೊತ್ತಿಲ್ಲದೆ ಅದಕ್ಕೇ ಸಂಡಾಸಿನ ಪೈಪು ಬಿಟ್ಟರಂತೆ. ಗಾಳಿ ಇನ್ನೂ ಒಳಗೇ ಇದೆಯಂತೆ. ಗುಂಡಿಯ ಹೊಲಸು ಬಳಿದು ತೆಗೆಯಲು ಬಂದ ಆಳುಗಳೆಲ್ಲ ಕಥೆ ಕೇಳಿ, ಬಂದ ಬಸ್ಸಿಗೇ ವಾಪಸ್ಸಾಗಿದ್ದರು.

ಅಂತೆ, ಅಂತೆ, ಅಂತೆ. ಅಂಬಿಕಾಗೆ ಈ ಅಂತೆಗಳೆಂದರೆ ಗುಂಡಿಗಿಂತ ಹೆಚ್ಚು ಹೇಸಿಗೆ. ರಾಯಚೂರಿನಲ್ಲಿ ಇತಿಹಾಸ ಓದುತ್ತ, ಫೋನಿನಲ್ಲೇ ವಿಡಿಯೋ ಮಾಡಿ ಸುಳ್ಳುಸುದ್ದಿ ಒಡೆಯುವುದು ಅವಳ ಹುಚ್ಚು. ಕುರ್ಡಿ ಹಳ್ಳಿಯ ಹೊಲದಲ್ಲಿ ನಿಧಿ ಕಾಯುತ್ತಿದ್ದ ಸರ್ಪ ಹಳೇ ಸೈಕಲ್ ಟ್ಯೂಬು ಎಂದು ತೋರಿಸಿದ ಮೇಲೆ ಸ್ವಲ್ಪ ಹೆಸರೂ ಬಂದಿತ್ತು. ಅದನ್ನು ನೋಡಿಯೇ ಲಾಡ್ಜಿನ ಮಾಲೀಕ ಹನುಮಂತರಾಯ ಅವಳನ್ನು ಕರೆಸಿದ್ದ.

ನಾತಕ್ಕೆ ಒಬ್ಬ ಗಿರಾಕಿಯೂ ನಿಲ್ಲುತ್ತಿಲ್ಲ ಎಂದು ಅವನು ಗೋಳಾಡಿದ. ಹೊಲಸು ಎಳೆಯುವ ಗಾಡಿ ಈ ಓಣಿಯಲ್ಲಿ ತಿರುಗುವುದಿಲ್ಲವಂತೆ, ಆಳೇ ಇಳಿಯಬೇಕಂತೆ.

"ಆ ಗೋಪಮ್ಮನ ಗಂಡ ಕುಡಿದು ಸತ್ತ. ಅವತ್ತಿಂದ ಆಕಿ ತಲಿ ಕೆಟ್ಟದ," ಎಂದ. "ನೀ ಓದಿದಾಕಿ. ಈ ಸುಳ್ಳು ಒಡಿ ತಂಗಿ."

ತಲೆ ಕೆಟ್ಟವಳನ್ನು ಕೆಲಸಕ್ಕೆ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅಂಬಿಕಾ ಕೇಳಿದಳು. ಪಾಪ ಅನ್ನಿಸಿತು ಎಂದು ಅವನು ಬೇರೆ ಕಡೆ ನೋಡಿದ. ತರಿಸಿದ ಚಹಾದ ಕಪ್ಪಿನ ಅಂಚಿಗೆ ನೊಣ ಮೆತ್ತಿತ್ತು. ಅವಳು ಕುಡಿಯದೆ ಎದ್ದಳು.

ಸುಳ್ಳು ಒಡೆಯುವುದು ಕಷ್ಟವಾಗಲಿಲ್ಲ. ಗುಂಡಿಯ ಸಿಮೆಂಟ್ ಇಟ್ಟಿಗೆಯೂ ಲಾಡ್ಜಿನ ಗೋಡೆಯ ಇಟ್ಟಿಗೆಯೂ ಒಂದೇ ಅಚ್ಚಿನವು. ಲಾಡ್ಜು ಹುಟ್ಟಿದ್ದೇ ಅಂಬಿಕಾ ಹುಟ್ಟಿದ ಮೇಲೆ. ಇನ್ನು ಕಥೆ ಯಾರಿಂದ ಬಂತು ಎಂದು ಕೇಳುತ್ತ ಹೋದರೆ, ಎಲ್ಲರ ಬೆರಳೂ ಗೋಪಮ್ಮನತ್ತಲೇ ತಿರುಗುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರುವ ಮಹಬೂಬೀ ಕೂಡ ಅವಳ ಬಾಯಿಂದಲೇ ಕೇಳಿದ್ದಳು.

ಅಂಬಿಕಾ ಗೋಪಮ್ಮನ ಮುಂದೆ ಫೋನು ಹಿಡಿದು, ಸಿಪಾಯಿ ಹೇಗೆ ಸತ್ತ ಎಂದು ಕೇಳಿದಳು.

"ಇಳಿದ. ಒಂದು ಮಾತು ಆಡಲಿಲ್ಲ," ಎಂದಳು ಗೋಪಮ್ಮ. "ಎತ್ತಿದಾಗ ಕಣ್ಣು ತೆರದೇ ಇದ್ವು. ನಡದಾಗಿನ ಬೆಳ್ಳಿ ಉಡದಾರ ಇದ್ದಲಿ ಆದಂಗ ಆಗಿತ್ತು."

ಅಂಬಿಕಾ ಕಿಸಕ್ಕನೆ ನಕ್ಕಳು. ಸುಳ್ಳು ತಾನಾಗಿಯೇ ಸಿಕ್ಕಿಬಿದ್ದಿತ್ತು. "ಬಿಳಿ ಸಿಪಾಯಿ ಉಡದಾರ ಕಟ್ಟಿದ್ನೇನು ಯವ್ವಾ?"

ಗೋಪಮ್ಮ ನಗಲಿಲ್ಲ. "ನಂಬಬ್ಯಾಡ. ಆದ್ರ ಯಾರೂ ಇಳೀಬ್ಯಾಡ್ರಿ ಅಂತ ಒಂದು ಮಾತು ಹಾಕು."

ವಿಡಿಯೋ ಉದ್ದವಾಯಿತೆಂದು ಅಂಬಿಕಾ ಆ ಮಾತನ್ನು ಕತ್ತರಿಸಿದಳು. ಉಡದಾರದ ನಗೆಯನ್ನು ಉಳಿಸಿದಳು. ಕೊನೆಯಲ್ಲಿ ಮುಚ್ಚಳದ ಮೇಲೆ ನಿಂತು ಎರಡು ಸಲ ಕುಣಿದು, "ಮಿಲಿಟರಿನೂ ಇಲ್ಲ, ಗ್ಯಾಸೂ ಇಲ್ಲ. ಬರೀ ಹೇಲು," ಎಂದಳು.

ಮಾನ್ವಿ, ಸಿರವಾರ, ರಾಯಚೂರು, ಎಲ್ಲರ ಫೋನಿಗೂ ಅದು ಹರಿಯಿತು. ಉಡದಾರದ ಸಿಪಾಯಿ ಮತ್ತೆ ಬಂದಿದ್ದನೇ ಎಂದು ಓಣಿಯ ಹುಡುಗರು ಗೋಪಮ್ಮನನ್ನು ಕಾಡಿಸಿದರು. ಮುಚ್ಚಳದ ಪಕ್ಕ ಕೂರುತ್ತಿದ್ದವಳು ಈಗ ಮುಚ್ಚಳದ ಮೇಲೇ ಕೂರತೊಡಗಿದಳು.

ಮುಂದಿನ ವಾರ ಹನುಮಂತರಾಯ ಖುಷಿಯಲ್ಲಿ ಫೋನು ಮಾಡಿದ. ಮಾನ್ವಿಯಿಂದ ಆಳುಗಳು ಬಂದಿದ್ದಾರೆ, ಮುಚ್ಚಳ ತೆಗೆಯುವುದನ್ನೂ ವಿಡಿಯೋ ಮಾಡು ಎಂದ. ಅಂಬಿಕಾ ಸಿಕ್ಕ ಬಸ್ಸು ಹತ್ತಿದಳು.

ಅವಳು ತಲುಪುವಾಗ ಗೋಪಮ್ಮನನ್ನು ಗೇಟಿನ ಹೊರಗೆ ದಬ್ಬಿ ಚಿಲಕ ಹಾಕಿದ್ದರು. ಅವಳು ಗೇಟು ಬಡಿಯುತ್ತಿದ್ದಳು. ಅಂಬಿಕಾಗೆಂದು ಚಿಲಕ ತೆಗೆದದ್ದೇ ತಡ, ಗೋಪಮ್ಮ ಅವಳನ್ನು ಸರಿಸಿಕೊಂಡು ಒಳಗೆ ನುಗ್ಗಿದಳು.

ಮುಚ್ಚಳ ತೆರೆದಿತ್ತು. ಬಂದ ಆಳುಗಳಲ್ಲೊಬ್ಬ, ತಾಯಪ್ಪ, ಆಗಲೇ ನಡುವಿಗೆ ಹಗ್ಗ ಬಿಗಿದುಕೊಂಡು ಇಳಿದಿದ್ದ. ಅವನ ಅಂಗಿ ಗೋಡೆಯ ಮೇಲಿತ್ತು. ಮೇಲೆ ಹಗ್ಗ ಹಿಡಿದಿದ್ದ ಅವನ ಜೊತೆಗಾರ ಯಂಕೋಬ ಅಂಬಿಕಾಳ ಗುರುತು ಹಿಡಿದು ಹಲ್ಲು ಬಿಟ್ಟ.

"ನಿಮ್ಮ ವಿಡಿಯೋ ನೋಡೇ ಬಂದೀವ್ರಿ ಅಕ್ಕಾರ."

ಆಮೇಲೆ ಗುಂಡಿಗೆ ಬಾಗಿ ತಾಯಪ್ಪನನ್ನು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಹಗ್ಗ ಬಿಟ್ಟು ತಾನೂ ಇಳಿಯಲು ಕಾಲು ಹಾಕಿದ. ಗೋಪಮ್ಮ ಹಿಂದಿನಿಂದ ಅವನ ನಡು ತಬ್ಬಿ ಆಚೆ ಕೆಡವಿದಳು.

"ಇಳೀಬ್ಯಾಡ. ಹಗ್ಗ ಎಳಿ."

ಮೂವರೂ ಎಳೆದರು. ತಾಯಪ್ಪ ಮೇಲೆ ಬಂದ. ತಲೆಯಿಂದ ಕಾಲಿನವರೆಗೆ ಹೊಲಸು. ಬಾಯಲ್ಲೂ ಹೊಲಸು. ಯಂಕೋಬ ಅಳುತ್ತ ಕೊಡದ ನೀರು ಸುರಿದ. ತಾಯಪ್ಪನ ಕಣ್ಣು ತೆರೆದೇ ಇದ್ದವು, ಆದರೆ ಏನನ್ನೂ ನೋಡುತ್ತಿರಲಿಲ್ಲ.

ಬಾಗಿಲಲ್ಲಿ ಮೂಗು ಮುಚ್ಚಿ ನಿಂತಿದ್ದ ಹನುಮಂತರಾಯ ಮೆಲ್ಲಗೆ ಹೇಳಿದ. "ಕುಡಿದು ಇಳಿದಾನ ನೋಡ್ರಿ."

ಅಂಬಿಕಾ ತಾಯಪ್ಪನ ನಡುವನ್ನೇ ನೋಡುತ್ತಿದ್ದಳು. ಹಗ್ಗದ ಕೆಳಗೆ ಅವನ ಬೆಳ್ಳಿ ಉಡದಾರ ಗುಂಡಿಯ ಗ್ಯಾಸಿಗೆ ಇದ್ದಲಿನಂತೆ ಕಪ್ಪಾಗಿತ್ತು.

ಗೋಪಮ್ಮ ಸೆರಗಿನ ಗಂಟು ಬಿಚ್ಚಿದಳು. ಒಳಗಿನಿಂದ ಹಳೆಯದೊಂದು ಕಪ್ಪು ಉಡದಾರ ತೆಗೆದು ಅದರ ಪಕ್ಕ ಇಟ್ಟಳು. ಇದೇ ಗುಂಡಿಯಿಂದ ಎತ್ತಿದ ತನ್ನ ಗಂಡ ಸುಂಕಪ್ಪನದು ಎಂದಳು.

"ಹೇಲಿನ ಗುಂಡಿ ಅಂತ ಖರೇ ಹೇಳಿದ್ರ ನಮ್ಮೋರು ಇಳೀತಾರ ಯವ್ವಾ. ಅದಕ್ಕ ನಾನೇ ಮಿಲಿಟರಿ ತಂದಿದ್ದೆ."