ನಡುವಿನ ಪಟ್ಟೆ

"ನಡುವಿನದನ್ನ ಚಿತ್ರದಿಂದ ತೆಗೆದುಬಿಡು," ಎಂದರು ಪ್ರೊಫೆಸರ್, ಗಡಿಯಾರ ನೋಡುತ್ತ. ಲೇಖನ ಸಂಜೆಯೊಳಗೆ ವಿಜ್ಞಾನ ಪತ್ರಿಕೆಗೆ ಹೋಗಬೇಕಿತ್ತು.

ಸಣ್ಣಕ್ಕ ತಲೆ ಎತ್ತಲಿಲ್ಲ. ಪ್ರಯೋಗಾಲಯಕ್ಕೆ ಎಲ್ಲರಿಗಿಂತ ಕಿರಿಯಳಾಗಿ ಸೇರಿದ್ದಕ್ಕೆ ಅಂಟಿಕೊಂಡ ಹೆಸರು ಅದು, ಪಿಎಚ್‌.ಡಿ. ಮುಗಿಯುವ ಹಂತಕ್ಕೆ ಬಂದರೂ ಬಿಟ್ಟಿರಲಿಲ್ಲ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನೇರಳೆ ದೀಪದ ಪೆಟ್ಟಿಗೆಯದೊಂದೇ ಬೆಳಕು. ಪೆಟ್ಟಿಗೆಯ ಮೇಲೆ ಅಂಗೈಯಗಲದ ಜೆಲ್ಲಿನ ಹಾಳೆ, ಅದರೊಳಗೆ ಹೊಳೆಯುವ ಪಟ್ಟೆಗಳು.

ಜೀನಿನಿಂದ ನಕಲಾಗಿ ಬಂದ ಸಂದೇಶವನ್ನು, ಅಂದರೆ ಆರ್‌ಎನ್‌ಎಯನ್ನು, ಜೀವಕೋಶ ಇದ್ದ ಹಾಗೇ ಓದುವುದಿಲ್ಲ. ಬೇಡದ ತುಂಡು ಕತ್ತರಿಸಿ, ಬೇಕಾದ್ದನ್ನು ಜೋಡಿಸಿಕೊಳ್ಳುತ್ತದೆ. ಎಳೆಯ ನರಕೋಶದಲ್ಲಿ ಒಂದು ಪ್ರೋಟೀನು ಆ ಸಂದೇಶದ ಮೇಲೆ ಜಾಂಡಾ ಹೂಡಿ, ಒಂದು ತುಂಡನ್ನು ಪೂರ್ತಿ ಹೊರಗಿಡಿಸುತ್ತದೆ. ಕೋಶ ಬಲಿತಾಗ ಪ್ರೋಟೀನು ಜಾಗ ಖಾಲಿ ಮಾಡುತ್ತದೆ, ತುಂಡು ಉಳಿಯುತ್ತದೆ. ಜೆಲ್ಲಿನಲ್ಲಿ ಗಿಡ್ಡ ಸಂದೇಶ ಬೇಗ ಕೆಳಗಿಳಿಯುತ್ತದೆ, ಉದ್ದದ್ದು ಮೇಲೇ ನಿಲ್ಲುತ್ತದೆ. ಅದಕ್ಕೇ ಎಳೆಯದಕ್ಕೆ ಕೆಳಗೊಂದು ಪಟ್ಟೆ, ಬಲಿತದ್ದಕ್ಕೆ ಮೇಲೊಂದು. ಇದನ್ನು ಕಂಡುಹಿಡಿದೇ ಪ್ರೊಫೆಸರ್ ದೊಡ್ಡವರಾದದ್ದು. ಕೋಶವೆಂಬ ಮನೆಯಲ್ಲಿ ಈ ಪ್ರೋಟೀನಿನ ಮಾತೇ ಕೊನೆ ಎಂದು ಅವರು ಪಾಠ ಹೇಳಿ ಹೇಳಿ, ವಿದ್ಯಾರ್ಥಿಗಳು ಅದಕ್ಕೆ 'ಯಜಮಾನ' ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಪ್ರೊಫೆಸರಿಗೂ ಅದೇ ಹೆಸರು.

ಸಣ್ಣಕ್ಕನ ಜೆಲ್ಲಿನಲ್ಲಿ ಎಳೆಯ ಕೋಶಗಳ ಸಾಲಿಗೆ ಇನ್ನೊಂದು ಪಟ್ಟೆಯಿತ್ತು, ಮಸುಕಾಗಿ, ಮೇಲಕ್ಕೂ ಕೆಳಕ್ಕೂ ಸೇರದೆ ನಡುವೆ. ಅರ್ಧ ತುಂಡು ಉಳಿದುಕೊಂಡಿದೆ ಎಂದು ಅದರ ಅರ್ಥ. ಯಜಮಾನನ ಮನೆಯಲ್ಲಿ ಇನ್ಯಾರೋ ಕೈಯಾಡಿಸಿದ್ದಾರೆ. ಮೊದಲು ಅವಳೇ ನಂಬಲಿಲ್ಲ. ತನ್ನ ಕೈಕೆಲಸವೇ ಗಲೀಜು ಎಂದುಕೊಂಡು ಹೊಸ ಕೋಶ ಬೆಳೆಸಿ, ಹೊಸ ದ್ರಾವಣ ಮಾಡಿ ಮತ್ತೆ ನೋಡಿದಳು. ರಜೆಯ ದಿನವೂ ಕೋಶಗಳಿಗೆ ಉಣಿಸಲು ಓಡುವವಳನ್ನು ಕಂಡು ಅವಳಮ್ಮ, ಹೆತ್ತ ಮಕ್ಕಳಿಗೂ ಯಾರೂ ಇಷ್ಟು ಮಾಡುವುದಿಲ್ಲ ಎಂದು ಗೊಣಗಿದ್ದಳು. ಪಟ್ಟೆ ಮತ್ತೆ ಬಂತು, ಅದೇ ಜಾಗದಲ್ಲಿ.

"ಅದು ಹುಸಿ ಪಟ್ಟೆ," ಎಂದರು ಪ್ರೊಫೆಸರ್. "ಮೇಲಿನ ಪಟ್ಟೆಯ ಎಳೆ ಕೆಳಗಿನದರ ಎಳೆಗೆ ತೆಕ್ಕೆ ಬಿದ್ರೆ ಹೀಗೆ ನಡುವೆ ನಿಂತ್ಕೊಳ್ಳತ್ತೆ. ಮೊದಲ ವರ್ಷದವರಿಗೂ ಗೊತ್ತಿರೋ ವಿಷಯ."

"ಎಳೇ ಕೋಶದಲ್ಲಿ ಮೇಲಿನದು ಇನ್ನೂ ಹುಟ್ಟೇ ಇಲ್ವಲ್ಲ ಸರ್. ಇದು ಯಾರಿಗೆ ತೆಕ್ಕೆ ಬೀಳತ್ತೆ?"

ಪ್ರೊಫೆಸರ್ ಬಗ್ಗಿ ನೋಡಿದರು. ಅವರಿಗೆ ಅರ್ಥವಾಯಿತೆಂದು ಅವಳಿಗೆ ಗೊತ್ತಾಯಿತು, ಯಾಕೆಂದರೆ ಅವರ ದನಿ ತಟ್ಟನೆ ಮೆತ್ತಗಾಯಿತು. ಈಗಿದು ಅಚ್ಚಾಗಲಿ, ನಾಳೆ ನಿನ್ನದೇ ಪ್ರಯೋಗಾಲಯ ಆದಾಗ ಈ ಪಟ್ಟೆಯನ್ನು ಧಾರಾಳವಾಗಿ ಹುಡುಕಿಕೋ ಎಂದು ಮೊಮ್ಮಗಳಿಗೆ ಹೇಳುವಂತೆ ಹೇಳಿದರು. ಒಪ್ಪದಿದ್ದರೆ ಲೇಖನದಲ್ಲಿ ಅವಳ ಹೆಸರಿರುವುದಿಲ್ಲ ಎಂಬುದನ್ನೂ ಅಷ್ಟೇ ಮೆತ್ತಗೆ ಹೇಳಿದರು. ಹೆಸರಿಲ್ಲದಿದ್ದರೆ ಪದವಿಯಿಲ್ಲ, ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಣ್ಣಕ್ಕನಿಗೆ ಹೆದರಿಕೆಯಾಯಿತು. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸವೆಲ್ಲ ನೀರುಪಾಲಾಗುವುದು ಕಣ್ಣೆದುರಿಗೇ ಇತ್ತು. ಆದರೆ ಹೆದರಿಕೆಗಿಂತ ಸಿಟ್ಟು ಒಂದು ಹಿಡಿ ಜಾಸ್ತಿಯಿತ್ತು. ಅವಳು ಮುಖದ ಕವಚ ಇಳಿಸಿಕೊಂಡಳು, ಹೊಸ ಬ್ಲೇಡು ಬಿಚ್ಚಿದಳು. ಪಟ್ಟೆಯಲ್ಲಿ ಏನಿದೆಯೆಂದು ತಿಳಿಯುವುದಕ್ಕೆ ಇರುವುದು ಒಂದೇ ದಾರಿ: ಜೆಲ್ಲಿನ ಅಷ್ಟು ಭಾಗವನ್ನು ಕೊಯ್ದು ತೆಗೆದು, ಅದರೊಳಗಿನ ಸಂದೇಶವನ್ನು ಯಂತ್ರದಲ್ಲಿ ಅಕ್ಷರ ಅಕ್ಷರವಾಗಿ ಓದಿಸುವುದು. ಅವಳು ಬ್ಲೇಡಿನ ಅಂಚನ್ನು ಮಸುಕು ಪಟ್ಟೆಯ ಮೇಲ್ತುದಿಗೆ ತಾಗಿಸಿದಳು.

"ಹೆಸರು ಬೇಕಾದ್ರೆ ತೆಗೀರಿ ಸರ್. ಇದನ್ನ ಮಾತ್ರ ನಾನು ಓದಿಸ್ತೀನಿ."

ಪ್ರೊಫೆಸರ್ ಕೈ ಗೋಡೆಯ ಕಡೆ ಹೋಯಿತು. ಸ್ವಿಚ್ಚಿನ ಸದ್ದಾಯಿತು, ದೀಪ ಆರಿತು. ಮೇಲಿನ ಪಟ್ಟೆ, ಕೆಳಗಿನ ಪಟ್ಟೆ, ನಡುವಿನದು, ಒಂದೂ ಕಾಣಲಿಲ್ಲ. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಾಳೆಂದು ಅವರು ಕಾಯುತ್ತಿದ್ದರೋ ಏನೋ.

ಸಣ್ಣಕ್ಕ ಬೆರಳನ್ನು ಕೂದಲೆಳೆಯಷ್ಟೂ ಕದಲಿಸಿರಲಿಲ್ಲ.

"ದೀಪ ಆರಿಸಿದ್ರೆ ಪಟ್ಟೆ ಎಲ್ಲಿಗೂ ಹೋಗಲ್ಲ ಸರ್," ಎಂದು ಕತ್ತಲಿಗೆ ಹೇಳಿ, ಬ್ಲೇಡನ್ನು ಕೆಳಕ್ಕೆ ಒತ್ತಿದಳು.