ಹಾಡು ಮುಗಿದ ಮೇಲೆ

“ಹಾಗೇ ಎತ್ತಿ ಹಿಡ್ಕೋ, ಅಲುಗಾಡಿಸ್ಬೇಡ,” ಎಂದು ರೆಕಾರ್ಡ್ ಪ್ಲೇಯರಿನ ಹಿಂಬದಿಗೆ ತಲೆ ತೂರಿಸಿದ ತಮ್ಮ. ಅಕ್ಕ ಎರಡೂ ಕೈಯಲ್ಲಿ ಅದನ್ನು ಹೊಲಿಗೆ ಮೇಜಿನಿಂದ ಒಂದು ಗೇಣು ಮೇಲೆತ್ತಿ ನಿಂತಿದ್ದಳು. ಪಕ್ಕದ ಬೊಂಬೆಯ ಮೇಲೆ ಗಿರಾಕಿಯ ಕೋಟು, ಒಂದೇ ತೋಳು ಹಾಕಿಕೊಂಡು ಕಾಯುತ್ತಿತ್ತು.

“ಚೆನ್ನಾಗೇ ಹಾಡ್ತಿತ್ತಲ್ಲೋ. ಇದಕ್ಕೇನು ರೋಗ ಬಂದಿತ್ತು?”

“ಹಾಡ್ತಿತ್ತಾ? ಗುಂಯ್‌ಗುಡ್ತಿತ್ತು. ಮಧ್ಯೆ ಮಧ್ಯೆ ಅಮ್ಮ ಕೇಳಿಸ್ತಿದ್ಲು, ಅಷ್ಟೆ. ಮುಳ್ಳಿನಿಂದ ಬರೋ ಸದ್ದು ಸೊಳ್ಳೆಯಷ್ಟಿರತ್ತೆ ಅಕ್ಕ. ಅದನ್ನ ದೊಡ್ಡದು ಮಾಡೋ ಪ್ರೀಆಂಪು ಇದರ ಹೊಟ್ಟೆಯೊಳಗೇ ಇದೆ, ಕಾಟಾಚಾರಕ್ಕೆ ಹಾಕಿದ್ದು. ಇನ್ಮೇಲೆ ಆ ಕೆಲಸ ಈ ಪೆಟ್ಟಿಗೇದು.”

ಪೆಟ್ಟಿಗೆ ಎರಡು ಸಾಬೂನಿನಷ್ಟಿತ್ತು. “ಇಷ್ಟೇನಾ?” ಎಂದಳು ಅಕ್ಕ. “ನೀನು ಹುಟ್ಟಿದಾಗಲೂ ನಾನು ಹೀಗೇ ಕೇಳಿದ್ದೆ.”

ಅವನು ನಗುತ್ತ ಮುಳ್ಳು ಇಳಿಸಿದ. ಸ್ಪೀಕರುಗಳು ತಗಡು ಹರಿದಂತೆ ಅರಚಿದವು.

“ಅಯ್ಯೋ, ನಿಲ್ಸೋ! ಅಮ್ಮ ಹೀಗೆ ಕಿರುಚಿದ್ದು ನೀನು ಗುಂಡಿ ನುಂಗಿದ ದಿನ ಮಾತ್ರ.”

“ಒಳಗಿನ ಪ್ರೀಆಂಪನ್ನ ಆರಿಸೋಕೆ ಮರೆತೆ. ಎರಡೂ ಒಟ್ಟಿಗೆ ಕೂಗ್ತಿವೆ.” ಹಿಂಬದಿಯ ಪುಟ್ಟ ಸ್ವಿಚ್ಚನ್ನು ಉಗುರಿನಿಂದ ಆಚೆ ತಳ್ಳಿದ. “ಈಗ ನೋಡು. ಆ ಕೊನೇ ಕೂಗು ನಿಂಗೆ ಸ್ಪಷ್ಟವಾಗಿ ಕೇಳ್ಬೇಕು. ಅದಕ್ಕೇ ತಂದಿದ್ದು.”

ಅಮ್ಮನ ರೆಕಾರ್ಡು ಅದೊಂದೇ. ಚಿಕ್ಕ ಕಂಪನಿಗೆ ಹಾಡಿದ ಒಂದೇ ಹಾಡು. ಅದು ಅಂಗಡಿಗೆ ಬರುವ ಮೊದಲೇ ಅಮ್ಮ ತೀರಿಹೋಗಿದ್ದಳು. ಅಕ್ಕನಿಗೆ ಆಗ ಒಂಬತ್ತು, ತಮ್ಮನಿಗೆ ಎರಡು. ಅವನು ಹುಟ್ಟಿದಂದಿನಿಂದ ಅಮ್ಮನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ರೆಕಾರ್ಡಿನಲ್ಲೂ, ಹಾಡು ಮುಗಿದು ತಟ್ಟೆ ಇನ್ನೂ ಸುತ್ತುತ್ತಿರುವಾಗ, ಗುಂಯ್ ಸದ್ದಿನ ಆಚೆಯಿಂದ, ಒಂದೇ ಒಂದು ಸಲ ‘ಅಕ್ಕಾ’ ಎನ್ನುತ್ತಿದ್ದಳು. ಕಂಪನಿಯವರು ಅದನ್ನು ಕತ್ತರಿಸಲು ಮರೆತಿದ್ದರು. ಹಾಡು ರೆಕಾರ್ಡಾಗುವ ಹೊತ್ತಿಗೆ ಅಕ್ಕ ಸ್ಟುಡಿಯೋದ ಬಾಗಿಲಾಚೆ ತಮ್ಮನನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. “ನನ್ನನ್ಯಾಕೆ ಕರೀಲಿಲ್ಲ?” ಎಂದು ಅವನು ಚಿಕ್ಕಂದಿನಲ್ಲಿ ಜಗಳ ತೆಗೆಯುತ್ತಿದ್ದ. “ಕರೆದಿದ್ರೆ ನೀನು ಎದ್ದು ಅಳ್ತಿದ್ದೆ, ಅದಕ್ಕೇ.” ಈಚೆಗೆ ಅವಳು ಹಾಡು ಮುಗಿಯುವ ಹೊತ್ತಿಗೆ ಸ್ಪೀಕರಿಗೆ ಕಿವಿ ಹಚ್ಚಿ ಕೂರುವುದನ್ನು ಅವನು ಎರಡು ಸಲ ಕಂಡಿದ್ದ.

ಹಾಡು ಶುರುವಾಯಿತು. ಗುಂಯ್ ಸದ್ದು ಇರಲೇ ಇಲ್ಲ, ಬಹಳ ಕಾಲ ಕೂತಿದ್ದವರು ಕೋಣೆಯಿಂದ ಎದ್ದುಹೋದ ಹಾಗೆ. ಅಕ್ಕ ನಾಲ್ಕು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೋಟಿನ ಎರಡನೆಯ ತೋಳನ್ನು ಕೂರಿಸತೊಡಗಿದಳು. ಎರಡನೆಯ ಸಾಲಿಗೆ ಮೊದಲು ಅಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. ಅವಳ ಕೈ ನಿಂತಿತು. ಇಷ್ಟು ದಿನ ಉಣ್ಣೆಯೊಳಗಿಂದ ಬಂದಂತಿದ್ದ ಅಕ್ಷರಗಳು ಈಗ ಕತ್ತರಿಯಿಂದ ಕತ್ತರಿಸಿಟ್ಟಷ್ಟು ಚೂಪಾಗಿದ್ದವು.

“ಉಸಿರು ಕೇಳಿಸ್ತಾ?”

ಅಕ್ಕ ತಲೆಯಾಡಿಸಿದಳು. ಕಣ್ಣು ತುಂಬಿತ್ತು. ಹಾಡು ಮುಗಿಯಿತು. ತಮ್ಮ ಬೆರಳೆತ್ತಿದ, ಈಗ ಎಂಬಂತೆ.

“ಸಾಕಾ?” ಎಂದಳು ಅಮ್ಮ.

ತಪ್ಪು ಕೇಳಿಸಿತೆಂದು ನಂಬಿಕೊಳ್ಳಲೂ ಜಾಗವಿರಲಿಲ್ಲ. ಗಾಜಿನಾಚೆ ಕೂತು ರೆಕಾರ್ಡ್ ಮಾಡುತ್ತಿದ್ದವನಿಗೆ, ಸ್ವಲ್ಪ ದಣಿದ ದನಿಯಲ್ಲಿ, ಕೇಳಿದ ಪ್ರಶ್ನೆ. ಈ ಮನೆಗೆ ಬಂದ ಅಗ್ಗದ ಪ್ಲೇಯರುಗಳೆಲ್ಲ ಒಂದಾದ ಮೇಲೊಂದರಂತೆ ಒಂದು ‘ಸ’ವನ್ನು ನುಂಗಿಕೊಂಡೇ ಬಂದಿದ್ದವು. ಅಮ್ಮನಿಗೆ ಯಾರೂ ಉತ್ತರ ಕೊಡಲಿಲ್ಲ. ಮುಳ್ಳಿನಡಿ ಕೊನೆಯ ಗೆರೆ ಸುಮ್ಮನೆ ಸುತ್ತತೊಡಗಿತು.

ತಮ್ಮ ಬೆರಳನ್ನು ಇಳಿಸಿದ. “ನಂಗೆ ಅಕ್ಕಾ ಅಂತಲೇ ಕೇಳಿಸ್ತು.”

ಅಕ್ಕ ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಕೋಟಿನ ತೋಳಿಗೆ ಚುಚ್ಚಿದಳು. ನಾಲ್ಕೂ ಒಂದೇ ಜಾಗಕ್ಕೆ.

“ಯಾವಾಗಿಂದ ಕೆಟ್ಟಿದ್ಯೋ ನಿನ್ನ ಕಿವಿ?”

“ಈ ಪೆಟ್ಟಿಗೇನೇ ಸರಿ ಇಲ್ಲ. ನಾಳೆ ವಾಪಸ್ ಕೊಟ್ಟುಬಿಡ್ತೀನಿ. ಒಳಗಿಂದು ಹಾಗೇ ಇದೆ, ಸ್ವಿಚ್ ಈ ಕಡೆ ತಳ್ಳಿದ್ರೆ ಮುಗೀತು.” ಅವನ ಉಗುರು ಆಗಲೇ ಪ್ಲೇಯರಿನ ಹಿಂಬದಿಯಲ್ಲಿ ತಡಕಾಡುತ್ತಿತ್ತು. “ಮೊದಲಿನ ಥರಾನೇ ಕೇಳತ್ತೆ. ಇನ್ನೊಂದ್ಸಲ ಹಾಕ್ತೀನಿ, ಕೇಳು. ಹಾಕ್ಲಾ, ಅಕ್ಕಾ?”

ಅಕ್ಕ ಸ್ಪೀಕರಿನ ಕಡೆಗೇ ನೋಡುತ್ತಿದ್ದಳು.

“ಸಾಕು,” ಎಂದಳು.