ಕೈ ತುಂಬಿದ ಸಮಿತಿ

“ಹಾಗಾದ್ರೆ ಒಪ್ಪೋರು ಕೈ ಎತ್ತಿ” ಎಂದು ಅಧ್ಯಕ್ಷ ವೆಂಕಟಸುಬ್ಬಯ್ಯ ಹೇಳುತ್ತಿದ್ದಂತೆ ಇಂದುಮತಿ ದಡಕ್ಕನೆ ಎದ್ದು ನಿಂತಳು. ಗಂಡನ ರುಜು ಇಲ್ಲದೆ ಕಾರ್ಖಾನೆಯ ದವಾಖಾನೆಯಲ್ಲಿ ಯಾವ ಹೆಂಗಸಿಗೂ ಗರ್ಭನಿರೋಧಕ ಮಾತ್ರೆ ಕೊಡಕೂಡದು ಎಂಬ ಹೊಸ ನಿಯಮಕ್ಕೆ ಆ ಭಾನುವಾರ ಜಾಲಹಳ್ಳಿಯ ಕ್ಯಾಂಟೀನಿನಲ್ಲಿ ಮತ ಕೇಳಲಾಗುತ್ತಿತ್ತು. ಮತವಿದ್ದದ್ದು ಮುಂದಿನ ಸಾಲಿನಲ್ಲಿ ಕುಳಿತಿದ್ದ ಕಾರ್ಖಾನೆ ಸಮಿತಿಯ ಗಂಡಸರಿಗೆ ಮಾತ್ರ. ಅವರಲ್ಲಿ ಅವಳ ಗಂಡ ನರಹರಿಯೂ ಒಬ್ಬ. ಇನ್ನೊಂದು ಮಗುವಾದರೆ ಅವಳ ಸೂಪರ್‌ವೈಸರ್ ತರಬೇತಿ ಮತ್ತೆ ತಪ್ಪುತ್ತಿತ್ತು. ಅವನೋ, ಆ ಮಾತೆತ್ತಿದರೆ ಸಾಕು, ರೇಡಿಯೊ ಜೋರು ಮಾಡುತ್ತಿದ್ದ.

ಕನ್ನಡಿಯ ಮುಂದೆ ಕಲಿತಿದ್ದ ಭಾಷಣದ ಒಂದಕ್ಷರವೂ ಈಗ ನೆನಪಾಗಲಿಲ್ಲ. ಸೊಂಟದ ಮೇಲಿದ್ದ ಮಗು ಕರಿಮಣಿ ಎಳೆಯುತ್ತಿತ್ತು. ಮೊದಲು ಕೈಯಾದರೂ ಖಾಲಿಯಾಗಲಿ ಎಂದುಕೊಂಡು ಅದನ್ನು ನರಹರಿಯ ತೊಡೆಯ ಮೇಲೆ ಕೂರಿಸಿದಳು.

ಹಿಂದೆ ಕುಳಿತಿದ್ದ ಹೆಂಗಸರು ಇದನ್ನೇ ಸೂಚನೆ ಎಂದು ತಿಳಿದರು. ಪದ್ಮಾಸಿನಿ ತನ್ನ ಅವಳಿಗಳನ್ನು ಗಂಡನ ಎರಡು ತೊಡೆಗೂ ಹಂಚಿದಳು. ಅಧ್ಯಕ್ಷರ ಹೆಂಡತಿ ಸುಬ್ಬಲಕ್ಷ್ಮಿ ಮೊಮ್ಮಗಳನ್ನು ತಂದು, “ಸ್ವಲ್ಪ ಹಿಡ್ಕೊಳ್ರೀ” ಎಂದು ಅವರ ಮಡಿಲಿಗೇ ಹಾಕಿದರು. ನೋಡನೋಡುತ್ತಲೇ ಇಡೀ ಸಮಿತಿಯ ಕೈ ತುಂಬಿತು.

“ಏನೇ ಇದು! ಕೈ ಎತ್ತೋದು ಹೇಗೆ?” ಎಂದು ಅಧ್ಯಕ್ಷರು ಮೊಮ್ಮಗಳಿಂದ ಕನ್ನಡಕ ಬಿಡಿಸಿಕೊಳ್ಳುತ್ತ ಕೂಗಿದರು.

“ನಮಗೂ ದಿನಾ ಇದೇ ಪ್ರಶ್ನೆ ಕಣ್ರೀ” ಎಂದರು ಸುಬ್ಬಲಕ್ಷ್ಮಿ. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಒಪ್ಪುವವರ ಕೈ ಒಂದೂ ಮೇಲೇಳಲಿಲ್ಲ. “ಸರಿ, ವಿರೋಧ ಇರೋರು?” ಎಂದರು ಅಧ್ಯಕ್ಷರು, ಸೋತ ದನಿಯಲ್ಲಿ.

ನರಹರಿ ಮಗುವನ್ನು ಎಡ ಹೆಗಲಿಗೆ ಸರಿಸಿ, ಹೆಂಡತಿಯ ಕಡೆ ನೋಡದೆಯೇ, ಬಲಗೈ ಎತ್ತಿದ.